ಕೈಯಲ್ಲೇ ಮಾಡಿದ ಸೈ-ಫೈ ಬಂದೂಕಿಗೆ ಬೆಳಕು ತುಂಬುವುದು ಹೇಗೆ?

ವಾರಗಟ್ಟಲೆ ಕೂತು ಫೋಮ್ ಶೀಟು, ಪಿವಿಸಿ ಪೈಪು, ಹಳೆಯ ಡಬ್ಬಿಗಳ ಮುಚ್ಚಳ ಎಲ್ಲವನ್ನೂ ಕತ್ತರಿಸಿ ಅಂಟಿಸಿ ವಿಜ್ಞಾನ ಕಥೆಗಳಲ್ಲಿ ಬರುವಂಥ ಒಂದು ಸೈ-ಫೈ ಬಂದೂಕು ಮಾಡಿದ್ದೀರಿ. ಬಣ್ಣವೂ ಒಣಗಿದೆ. ಇನ್ನು ಅದರ ಹೊಟ್ಟೆಯೊಳಗೆ ಏನೋ ಶಕ್ತಿ ಕುದಿಯುತ್ತಿದೆ ಎನ್ನುವ ಹಾಗೆ ನೀಲಿ ಬೆಳಕು ಹೊಮ್ಮಬೇಕು. ಒಂದು ತೂತು ಕೊರೆದು ಎಲ್‌ಇಡಿ ಸಿಕ್ಕಿಸಿ ಸ್ವಿಚ್ ಒತ್ತುತ್ತೀರಿ. ಕಾಣುವುದು ಒಂದು ಚುಕ್ಕೆ. ಕಣ್ಣು ಕುಕ್ಕುವ ಚುಕ್ಕೆ, ಅದರ ಸುತ್ತ ಕತ್ತಲೆ. ಆಯುಧ ಹೊಳೆಯುತ್ತಿಲ್ಲ, ಅದರ ಮೈಮೇಲೆ ಒಂದು ಬಲ್ಬು ಉರಿಯುತ್ತಿದೆ, ಅಷ್ಟೇ.

ನನ್ನ ಮೊದಲ ಪ್ರಾಪ್‌ನಲ್ಲೂ (ನಾಟಕ, ಸಿನಿಮಾಕ್ಕೆ ಮಾಡುವಂಥ ನಕಲಿ ವಸ್ತು) ಹೀಗೇ ಆಯಿತು. ಬೆಳಕು ಸಾಲದು ಅಂದುಕೊಂಡು ಇನ್ನೂ ಜೋರಾದ ಎಲ್‌ಇಡಿ ತಂದು ಹಾಕಿದೆ. ಚುಕ್ಕೆ ಇನ್ನಷ್ಟು ಚುಚ್ಚತೊಡಗಿತು. ಆಮೇಲೆ ಅದರ ಮುಂದೆ ಒಂದು ಮಬ್ಬು ಪ್ಲಾಸ್ಟಿಕ್ ತುಂಡು ಅಡ್ಡ ಹಿಡಿದಾಗ ಇಡೀ ತುಂಡು ತಣ್ಣಗೆ ಬೆಳಗಿತು. ಎಲ್‌ಇಡಿ ಅದೇ, ಬ್ಯಾಟರಿ ಅದೇ. ಹೊಳಪು ಅಂತ ನಾವು ಯಾವುದನ್ನು ಕರೆಯುತ್ತೇವೋ ಅದು ಬಹುಪಾಲು ಎಲ್‌ಇಡಿಯ ಮುಂದೆ ಇರುವ ವಸ್ತುವಿನ ಕೆಲಸ ಎಂದು ಅವತ್ತು ಅರ್ಥವಾಯಿತು.

ಯೋಚಿಸಿ ನೋಡಿ. ಬೆಳಕು ನಮ್ಮ ಪಕ್ಕದಲ್ಲೇ ಹಾದು ಹೋದರೂ ಅದು ನಮಗೆ ಕಾಣುವುದಿಲ್ಲ. ಯಾವುದಕ್ಕಾದರೂ ಬಡಿದು, ಚದುರಿ, ಒಂದು ಪಾಲು ಕಣ್ಣಿಗೆ ಬಂದು ಬಿದ್ದಾಗ ಮಾತ್ರ ಕಾಣುತ್ತದೆ. ಸಂದಿಯಿಂದ ತೂರಿ ಬರುವ ಬಿಸಿಲುಕೋಲು ಕಾಣುವುದು ಗಾಳಿಯಲ್ಲಿ ಧೂಳು ಇರುವುದರಿಂದ ಅಲ್ವಾ? ಬಂದೂಕಿನೊಳಗೂ ಬೆಳಕಿಗೆ ಅಂಥ ಒಂದು ಧೂಳು ಬೇಕು. ಅದನ್ನು ಒದಗಿಸುವುದರಲ್ಲೇ ಅರ್ಧ ಕೆಲಸ ಇದೆ. ಹಾಗಾಗಿ ವೈರು ಬ್ಯಾಟರಿಗಿಂತ ಮುಂಚೆ ಅದರ ಮಾತನ್ನೇ ಆಡುತ್ತೇನೆ.

ಬೆಳಕನ್ನು ಚದುರಿಸುವುದು

ಮೊದಲು ಎಲ್‌ಇಡಿಯನ್ನೇ ಕೈಗೆತ್ತಿಕೊಳ್ಳಿ. 5 ಮಿಲಿಮೀಟರ್‌ನ ಪಾರದರ್ಶಕ ಎಲ್‌ಇಡಿಯ ತುದಿ ಗುಂಡಗಿರುತ್ತದಲ್ಲ, ಅದು ಒಂದು ಮಸೂರ. ಒಳಗಿನ ಬೆಳಕನ್ನೆಲ್ಲ ಸೇರಿಸಿ 15ರಿಂದ 30 ಡಿಗ್ರಿಯಷ್ಟು ಸಣ್ಣ ಕೋನದಲ್ಲಿ ಮುಂದಕ್ಕೆ ಎಸೆಯುತ್ತದೆ. ಟಾರ್ಚಿಗೆ ಅದು ಸರಿ, ನಮಗೆ ಅಲ್ಲ. ಆ ಗುಂಡು ತಲೆಯನ್ನು ಸ್ಯಾಂಡ್ ಪೇಪರ್‌ನಲ್ಲಿ ಉಜ್ಜಿ ಮಬ್ಬು ಮಾಡಿದರೆ ಬೆಳಕು ಸುತ್ತಲೂ ಹರಡುತ್ತದೆ. ಬೇಕಿದ್ದರೆ ತಲೆಯನ್ನು ಸ್ವಲ್ಪ ಅರದಿಂದ ಸವೆಸಿ ಚಪ್ಪಟೆ ಮಾಡಬಹುದು. ತೀರಾ ಒಳಕ್ಕೆ ಹೋಗಬೇಡಿ, ಕೂದಲಿನಂಥ ಒಂದು ತಂತಿ ಒಳಗಿದೆ, ಅದು ಕಿತ್ತರೆ ಎಲ್‌ಇಡಿ ಹೋಯಿತು.

ಮುಂದಿನದು ಅಡ್ಡ ಹಿಡಿಯುವ ಮಬ್ಬು ಪರದೆ. ಹಾಲುಬಣ್ಣದ ಅಕ್ರಿಲಿಕ್, ಉಜ್ಜಿ ಮಬ್ಬಾಗಿಸಿದ ಪಾರದರ್ಶಕ ಪ್ಲಾಸ್ಟಿಕ್, ಟ್ರೇಸಿಂಗ್ ಪೇಪರ್, ಪಿಂಗ್‌ಪಾಂಗ್ ಚೆಂಡಿನ ಅರ್ಧ, ಯಾವುದಾದರೂ ಆದೀತು. ಆದರೆ ಪರದೆಗಿಂತ ಮುಖ್ಯ ಅದರ ಹಿಂದಿನ ಖಾಲಿ ಜಾಗ. ಎಲ್‌ಇಡಿಗೆ ಪರದೆ ಅಂಟಿಕೊಂಡೇ ಇದ್ದರೆ ಚುಕ್ಕೆ ಹಾಗೇ ಮೂಡುತ್ತದೆ. ಸಾಲಾಗಿ ಎಲ್‌ಇಡಿ ಇಟ್ಟಿದ್ದರೆ ಎರಡು ಎಲ್‌ಇಡಿಗಳ ನಡುವೆ ಎಷ್ಟು ಅಂತರ ಇದೆಯೋ, ಕಡೇಪಕ್ಷ ಅಷ್ಟೇ ದೂರದಲ್ಲಿ ಪರದೆ ಇರಲಿ. 15 ಮಿಲಿಮೀಟರ್‌ಗೆ ಒಂದರಂತೆ ಇಟ್ಟರೆ ಪರದೆಯೂ 15 ಮಿಲಿಮೀಟರ್ ಆಚೆ. ಅಷ್ಟು ಆಳ ಇಲ್ಲವೇ? ಎಲ್‌ಇಡಿಗಳನ್ನು ಹತ್ತಿರ ಹತ್ತಿರ ಇಡಿ. ಇಲ್ಲವೇ ಅವುಗಳ ಮುಖ ಹಿಂದಕ್ಕೆ ತಿರುಗಿಸಿ ಒಳಗಿನ ಬಿಳಿ ಗೋಡೆಗೆ ಬೆಳಕು ಬಡಿಯುವಂತೆ ಮಾಡಿ. ಗೋಡೆಯಿಂದ ಮರಳಿ ಬರುವ ಬೆಳಕು ತುಂಬ ಮೆತ್ತಗಿರುತ್ತದೆ. ನನಗೆ ಜಾಸ್ತಿ ಇಷ್ಟವಾಗುವುದು ಇದೇ.

ಒಳಗೋಡೆಗೆ ಬಿಳಿ ಬಣ್ಣ ಬಳಿಯಿರಿ. ಅಲ್ಯೂಮಿನಿಯಂ ಫಾಯಿಲ್ ಅಂಟಿಸಿದರೆ ಇನ್ನೂ ಹೊಳೆಯುತ್ತದೆ ಅಂತ ಅನ್ನಿಸುವುದು ಸಹಜ. ಆದರೆ ಫಾಯಿಲ್ ಕನ್ನಡಿಯ ಹಾಗೆ ಬೆಳಕನ್ನು ತಿರುಗಿಸುತ್ತದೆ, ಹರಡುವುದಿಲ್ಲ. ಅಲ್ಲಲ್ಲಿ ಮಿಂಚು, ಅಲ್ಲಲ್ಲಿ ಕತ್ತಲೆ ಉಳಿಯುತ್ತದೆ. ಅದರ ಮೇಲೆ ಕರೆಂಟೂ ಹರಿಯುತ್ತದೆ, ಬೋಳು ವೈರು ತಾಗಿದರೆ ಶಾರ್ಟ್ ಆಗುತ್ತದೆ.

ಉದ್ದನೆಯ ಶಕ್ತಿಯ ಕೊಳವೆ ಬೇಕಿದ್ದರೆ ಗ್ಲೂ ಗನ್ನಿನ ಅಂಟುಕಡ್ಡಿಯನ್ನು ಬಳಸಿ ನೋಡಿ. ಅದರ ಮಬ್ಬು ಈ ಕೆಲಸಕ್ಕೇ ಮಾಡಿಸಿದ ಹಾಗಿದೆ. ಕಡ್ಡಿಯ ತುದಿಯಲ್ಲಿ ಎಲ್‌ಇಡಿಯ ತಲೆ ಕೂರುವಷ್ಟು ಗುಳಿ ಮಾಡಿ ಒತ್ತಿ ಕೂರಿಸಿದರೆ ಕಡ್ಡಿ ಪೂರ್ತಿ ಬೆಳಗುತ್ತದೆ. ದೂರ ಹೋದಂತೆ ಬೆಳಕು ಸೋರಿ ಕಡಿಮೆಯಾಗುವುದರಿಂದ ಕಡ್ಡಿ ಉದ್ದವಿದ್ದರೆ ಎರಡೂ ತುದಿಗೆ ಒಂದೊಂದು ಎಲ್‌ಇಡಿ ಇಡಿ.

ಅಕ್ರಿಲಿಕ್ ಹಾಳೆಯದು ಬೇರೆಯೇ ಚಮತ್ಕಾರ. ಪಾರದರ್ಶಕ ಅಕ್ರಿಲಿಕ್‌ನ ಅಂಚಿಗೆ ಎಲ್‌ಇಡಿ ಒತ್ತಿ ಹಿಡಿದರೆ ಬೆಳಕು ಹಾಳೆಯೊಳಗೆ ಹೊಕ್ಕು ಅಲ್ಲೇ ಸಿಕ್ಕಿಬೀಳುತ್ತದೆ. ಗಾಜು, ನೀರು, ಅಕ್ರಿಲಿಕ್‌ನಂಥ ವಸ್ತುವಿನೊಳಗಿಂದ ಗಾಳಿಗೆ ಹೊರಡುವ ಬೆಳಕು ಮೇಲ್ಮೈಗೆ ತೀರಾ ಓರೆಯಾಗಿ ಬಡಿದರೆ ಹೊರಗೆ ಹೋಗುವುದಿಲ್ಲ, ಪೂರ್ತಿ ಒಳಕ್ಕೇ ತಿರುಗುತ್ತದೆ. ಅಕ್ರಿಲಿಕ್‌ಗೆ ಈ ಗಡಿ ಸುಮಾರು 42 ಡಿಗ್ರಿ. ಮೇಲ್ಮೈಗೆ ನೆಟ್ಟಗೆ ನಿಲ್ಲಿಸಿದ ಗೆರೆಯಿಂದ ಅದಕ್ಕಿಂತ ಜಾಸ್ತಿ ವಾಲಿದ ಕಿರಣವೆಲ್ಲ ಒಳಗೇ ಪುಟಿಯುತ್ತಾ ಮುಂದೆ ಸಾಗುತ್ತದೆ. ಆಪ್ಟಿಕಲ್ ಫೈಬರ್‌ನಲ್ಲಿ ಮಾಹಿತಿ ಓಡುವುದೂ ಇದೇ ನಿಯಮದ ಮೇಲೆ. ಈಗ ಹಾಳೆಯ ಮೇಲೆ ಚೂಪಾದ ಮೊಳೆಯಿಂದ ಒಂದು ಗೆರೆ ಗೀರಿ. ಆ ಗೀರಿನಲ್ಲಿ ಮೇಲ್ಮೈ ಒರಟಾಗಿದೆ, ಕಿರಣದ ಕೋನ ಕೆಡುತ್ತದೆ, ಬೆಳಕು ಅಲ್ಲಿಂದ ಮಾತ್ರ ಹೊರಗೆ ಚಿಮ್ಮುತ್ತದೆ. ಹಾಳೆ ಪಾರದರ್ಶಕವಾಗಿಯೇ ಇರುತ್ತದೆ, ಗೆರೆ ಮಾತ್ರ ಗಾಳಿಯಲ್ಲಿ ತೇಲುವ ಹಾಗೆ ಉರಿಯುತ್ತದೆ. ಗುರಿ ನೋಡುವ ಕಿಂಡಿಗೆ, ಚಾರ್ಜು ತೋರಿಸುವ ಫಲಕಕ್ಕೆ ಇದಕ್ಕಿಂತ ಚೆಂದದ ದಾರಿ ಇಲ್ಲ.

ಇಲ್ಲಿ ಎರಡು ಎಚ್ಚರಿಕೆ. ಎಲ್‌ಇಡಿ ತಾಗುವ ಅಂಚು ನುಣುಪಾಗಿರಬೇಕು, ಬೆಳಕು ಒಳಗೆ ಸಲೀಸಾಗಿ ಹೋಗಲು. ಇನ್ನೊಂದು, ಹಾಳೆಯ ಮೈಗೆ ನೇರವಾಗಿ ಬಣ್ಣ ಬಳಿಯಬೇಡಿ, ಅಂಟು ಹಚ್ಚಬೇಡಿ. ಬಣ್ಣ ತಾಗಿದ ಕಡೆ ಗಾಳಿ ಇರುವುದಿಲ್ಲ, ಬೆಳಕು ಅಲ್ಲೇ ಹೀರಿಹೋಗುತ್ತದೆ. ಹಿನ್ನೆಲೆ ಕಪ್ಪು ಬೇಕಿದ್ದರೆ ಕಪ್ಪು ಹಾಳೆಯೊಂದನ್ನು ಚೂರು ಅಂತರ ಬಿಟ್ಟು ಹಿಂದೆ ಇಡಿ.

ಬಣ್ಣಕ್ಕೂ ವೋಲ್ಟೇಜಿಗೂ ನಂಟು

ಕೆಂಪು ಎಲ್‌ಇಡಿ ಎರಡು ಸೆಲ್ಲಿನಲ್ಲಿ ಉರಿಯುತ್ತದೆ. ಅದೇ ಎರಡು ಸೆಲ್ಲಿಗೆ ನೀಲಿ ಎಲ್‌ಇಡಿ ಸಿಕ್ಕಿಸಿದರೆ ಮಂಕಾಗಿ ಉರಿಯುತ್ತದೆ, ಸೆಲ್ ಸ್ವಲ್ಪ ಹಳೆಯದಾದರೆ ಉರಿಯುವುದೇ ಇಲ್ಲ. ಇದೇಕೆ ಎಂದು ಬಹಳ ಜನ ತಲೆ ಕೆಡಿಸಿಕೊಳ್ಳುತ್ತಾರೆ. ಎಲ್‌ಇಡಿಯೊಳಗೆ ಎಲೆಕ್ಟ್ರಾನ್ ಮೇಲಿನ ಮೆಟ್ಟಿಲಿನಿಂದ ಕೆಳಗಿನ ಮೆಟ್ಟಿಲಿಗೆ ಬಿದ್ದಾಗ ಆ ಶಕ್ತಿ ಬೆಳಕಾಗಿ ಹೊರಬರುತ್ತದೆ. ಮೆಟ್ಟಿಲು ಎತ್ತರವಾದಷ್ಟೂ ಬೆಳಕು ಕೆಂಪಿನಿಂದ ನೀಲಿಯ ಕಡೆಗೆ ಸರಿಯುತ್ತದೆ. ಎತ್ತರದ ಮೆಟ್ಟಿಲಿಗೆ ಎಲೆಕ್ಟ್ರಾನನ್ನು ಹತ್ತಿಸಲು ಜಾಸ್ತಿ ವೋಲ್ಟೇಜು ಬೇಕು. ಹಾಗಾಗಿ ಕೆಂಪಿಗೆ ಸುಮಾರು 1.8ರಿಂದ 2.2 ವೋಲ್ಟ್ ಸಾಕು, ನೀಲಿಗೆ 3ರಿಂದ 3.4 ವೋಲ್ಟ್ ಬೇಕು. ಬಿಳಿ ಎಲ್‌ಇಡಿಯೂ ಒಳಗೆ ನೀಲಿಯೇ. ಮೇಲೆ ಹಳದಿ ಬೆಳಕು ಕೊಡುವ ಪುಡಿಯ ಲೇಪ ಇರುತ್ತದೆ, ಎರಡೂ ಬೆರೆತು ಕಣ್ಣಿಗೆ ಬಿಳಿ ಕಾಣುತ್ತದೆ.

ಈ ಎತ್ತರದ ಮೆಟ್ಟಿಲು ಕಟ್ಟುವುದು ಸುಲಭವಾಗಿರಲಿಲ್ಲ. ನಿಕ್ ಹೊಲೊನ್ಯಾಕ್ ಕಣ್ಣಿಗೆ ಕಾಣುವ ಕೆಂಪು ಎಲ್‌ಇಡಿ ಮಾಡಿ ತೋರಿಸಿದ್ದು 1962ರಲ್ಲಿ. ಚೆನ್ನಾಗಿ ಬೆಳಗುವ ನೀಲಿ ಎಲ್‌ಇಡಿ ಬರಲು 1990ರ ದಶಕದವರೆಗೂ ಕಾಯಬೇಕಾಯಿತು. ಅದನ್ನು ಸಾಧಿಸಿದ ಇಸಾಮು ಅಕಸಾಕಿ, ಹಿರೋಶಿ ಅಮಾನೊ, ಶೂಜಿ ನಕಮುರ ಅವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ನಾವು ಈಗ ಸುಲಭವಾಗಿ ಕೊಂಡು ಬಂದೂಕಿಗೆ ಸಿಕ್ಕಿಸುವ ಆ ಪುಟ್ಟ ನೀಲಿ ದೀಪದ ಹಿಂದೆ ಮೂವತ್ತು ವರ್ಷಗಳ ಹುಡುಕಾಟ ಇದೆ. ಅದನ್ನು ಕೈಯಲ್ಲಿ ಹಿಡಿದಾಗೆಲ್ಲ ನನಗೆ ಇದು ನೆನಪಾಗುತ್ತದೆ.

ಬಣ್ಣ ಆರಿಸುವಾಗ ಕಣ್ಣಿನ ಸ್ವಭಾವವೂ ಗೊತ್ತಿರಲಿ. ಹಗಲಿನಲ್ಲಿ ನಮ್ಮ ಕಣ್ಣಿಗೆ ಹಸಿರು ಎಲ್ಲಕ್ಕಿಂತ ಜೋರಾಗಿ ಕಾಣುತ್ತದೆ. ಕತ್ತಲಾದಂತೆ ಕಣ್ಣು ನೀಲಿಯ ಕಡೆಗೆ ವಾಲುತ್ತದೆ, ಕೆಂಪು ಮಂಕಾಗುತ್ತದೆ. ಕತ್ತಲ ವೇದಿಕೆಗೆ ಮಾಡುವುದಾದರೆ ನೀಲಿ, ಬೆಳಕಿರುವ ಸಭಾಂಗಣದಲ್ಲಿ ಓಡಾಡುವುದಾದರೆ ಹಸಿರು ಗೆಲ್ಲುತ್ತದೆ.

ರೆಸಿಸ್ಟರ್ ಏಕೆ, ಎಷ್ಟು

ಎಲ್‌ಇಡಿಗೆ ತನ್ನ ಹಸಿವಿನ ಮಿತಿ ತನಗೇ ಗೊತ್ತಿಲ್ಲ. ಬೇಕಾದ ವೋಲ್ಟೇಜು ದಾಟಿ ಚೂರು ಮೇಲೆ ಹೋದರೂ ಕರೆಂಟು ತೂಬು ಕಿತ್ತ ಕೆರೆಯ ಹಾಗೆ ನುಗ್ಗುತ್ತದೆ, ಎಲ್‌ಇಡಿ ಸುಟ್ಟುಹೋಗುತ್ತದೆ. 9 ವೋಲ್ಟ್ ಬ್ಯಾಟರಿಗೆ ನೇರವಾಗಿ ತಾಗಿಸಿ ನೋಡಿದವರಿಗೆ ಇದು ಗೊತ್ತೇ ಇರುತ್ತದೆ. ಆ ಹರಿವನ್ನು ತಡೆದು ಹಿಡಿಯುವುದೇ ರೆಸಿಸ್ಟರ್.

ಲೆಕ್ಕ ಒಂದೇ ಸಾಲಿನದು. ಬ್ಯಾಟರಿಯ ವೋಲ್ಟೇಜಿನಿಂದ ಎಲ್‌ಇಡಿಯ ವೋಲ್ಟೇಜು ಕಳೆಯಿರಿ, ಉಳಿದದ್ದನ್ನು ಬೇಕಾದ ಕರೆಂಟಿನಿಂದ ಭಾಗಿಸಿ. ಮೂರು ಡಬಲ್ ಎ ಸೆಲ್ ಅಂದರೆ 4.5 ವೋಲ್ಟ್. ನೀಲಿ ಎಲ್‌ಇಡಿ 3.2 ವೋಲ್ಟ್. ಉಳಿದದ್ದು 1.3 ವೋಲ್ಟ್. ಕರೆಂಟು 10 ಮಿಲಿಆಂಪ್ ಇಟ್ಟುಕೊಂಡರೆ, ಅಂದರೆ 0.01 ಆಂಪ್, ಉತ್ತರ 130 ಓಮ್. ಸುಲಭವಾಗಿ ಸಿಗುವ ಮುಂದಿನ ಅಳತೆ 150 ಓಮ್, ಅದನ್ನೇ ಹಾಕಿ. ಕೆಂಪಿಗಾದರೆ 4.5ರಿಂದ 2 ಕಳೆದು 2.5 ಉಳಿಯುತ್ತದೆ, 250 ಓಮ್ ಬರುತ್ತದೆ, 270 ಓಮ್ ಹಾಕಿ. ಇಂಥ ಎಲ್‌ಇಡಿಗಳಿಗೆ ಸಾಮಾನ್ಯವಾಗಿ 20 ಮಿಲಿಆಂಪ್‌ವರೆಗೆ ಕೊಡಬಹುದು. ಆದರೆ ಹತ್ತಕ್ಕೂ ಇಪ್ಪತ್ತಕ್ಕೂ ಕಣ್ಣಿಗೆ ಕಾಣುವ ವ್ಯತ್ಯಾಸ ಕಡಿಮೆ, ಬ್ಯಾಟರಿಗೆ ಮಾತ್ರ ಎರಡರಷ್ಟು ಹೊರೆ.

ಆರು ಎಲ್‌ಇಡಿ ಇದ್ದರೆ ಆರಕ್ಕೂ ಒಂದೊಂದು ರೆಸಿಸ್ಟರ್. ಎಲ್ಲಕ್ಕೂ ಸೇರಿ ಒಂದೇ ಸಾಕಲ್ಲವೇ ಅಂದರೆ, ಸಾಲದು. ಒಂದೇ ಪೊಟ್ಟಣದ ಎರಡು ಎಲ್‌ಇಡಿಗಳಲ್ಲೂ ವೋಲ್ಟೇಜು ಚೂರು ಆಚೀಚೆ ಇರುತ್ತದೆ. ಕಡಿಮೆ ಇರುವುದು ಕರೆಂಟನ್ನೆಲ್ಲ ತನ್ನ ಕಡೆ ಎಳೆದುಕೊಳ್ಳುತ್ತದೆ, ಉಳಿದವು ಮಂಕಾಗುತ್ತವೆ.

ಬ್ಯಾಟರಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿ: ಜಾಗ ಇದ್ದರೆ ಡಬಲ್ ಎ ಸೆಲ್‌ಗಳನ್ನೇ ಹಾಕಿ. ಚೌಕದ 9 ವೋಲ್ಟ್ ಬ್ಯಾಟರಿ ಸಣ್ಣದು, ಕೂರಿಸಲು ಸುಲಭ, ನಿಜ. ಆದರೆ ಒಂದು ನೀಲಿ ಎಲ್‌ಇಡಿಗೆ 3.2 ವೋಲ್ಟ್ ಹೋಗಿ ಉಳಿದ 5.8 ವೋಲ್ಟ್ ರೆಸಿಸ್ಟರ್‌ನಲ್ಲಿ ಸುಮ್ನೆ ಬಿಸಿಯಾಗಿ ಹೋಗುತ್ತದೆ. ಮೂರನೇ ಎರಡರಷ್ಟು ಶಕ್ತಿ ಹತ್ತಿರ ಹತ್ತಿರ ದಂಡ. ಅದರಲ್ಲಿ ತುಂಬಿರುವ ಚಾರ್ಜೂ ಸುಮಾರು 500 ಮಿಲಿಆಂಪ್-ಗಂಟೆ ಮಾತ್ರ. ಒಳ್ಳೆಯ ಆಲ್ಕಲೈನ್ ಡಬಲ್ ಎ ಸೆಲ್ಲಿನಲ್ಲಿ 2000ಕ್ಕೂ ಜಾಸ್ತಿ ಇರುತ್ತದೆ. ಆರು ಎಲ್‌ಇಡಿ ಒಟ್ಟು 60 ಮಿಲಿಆಂಪ್ ಎಳೆದರೆ 9 ವೋಲ್ಟ್ ಬ್ಯಾಟರಿ ಎಂಟು ಗಂಟೆ ಬಂದರೆ ಹೆಚ್ಚು, ಡಬಲ್ ಎ ಮೂವತ್ತು ಗಂಟೆ ದಾಟುತ್ತದೆ. 9 ವೋಲ್ಟೇ ಬೇಕೆಂದರೆ ಎರಡು ನೀಲಿ ಎಲ್‌ಇಡಿಗಳನ್ನು ಒಂದರ ಹಿಂದೆ ಒಂದರಂತೆ ಸರಣಿಯಲ್ಲಿ ಜೋಡಿಸಿ, 270 ಓಮ್ ಹಾಕಿ. ಅದೇ ಕರೆಂಟು ಎರಡನ್ನೂ ಬೆಳಗುತ್ತದೆ.

ಲಿಥಿಯಂ ಸೆಲ್ ಹಗುರ, ಬಲವೂ ಜಾಸ್ತಿ, ಪೂರ್ತಿ ಚಾರ್ಜಾದಾಗ 4.2 ವೋಲ್ಟ್ ಕೊಡುತ್ತದೆ. ಆದರೆ ಶಾರ್ಟ್ ಆದರೆ, ಚುಚ್ಚಿದರೆ, ಮಿತಿಮೀರಿ ಚಾರ್ಜಾದರೆ ಬೆಂಕಿ ಹತ್ತಬಹುದು. ಕೈಯಿಂದ ಬೀಳುವ, ಬಾಗುವ, ಫೋಮು ಅಂಟು ತುಂಬಿದ ವಸ್ತುವಿನೊಳಗೆ ಅದನ್ನು ಇಡುವುದಾದರೆ ರಕ್ಷಣಾ ಸರ್ಕ್ಯೂಟ್ ಇರುವ ಸೆಲ್, ಗಟ್ಟಿ ಡಬ್ಬಿ, ಸರಿಯಾದ ಚಾರ್ಜರ್ ಮೂರೂ ಬೇಕು. ಸೆಲ್ಲಿನ ಮೈಗೆ ನೇರವಾಗಿ ಬೆಸುಗೆ ಹಾಕಲೇಬೇಡಿ. ಮೊದಲ ಪ್ರಾಪ್‌ಗೆ ಇದರ ಗೋಜೇ ಬೇಡ.

ಬೆಳಕಿಗೆ ಉಸಿರು

ಸುಮ್ಮನೆ ಉರಿಯುತ್ತಲೇ ಇರುವ ಬೆಳಕು ಸ್ವಲ್ಪ ಹೊತ್ತಿಗೆ ಬಣ್ಣದ ಹಾಗೆ ಕಾಣತೊಡಗುತ್ತದೆ. ಅದು ಏರಬೇಕು, ಇಳಿಯಬೇಕು, ಬಂದೂಕಿನ ಕುದುರೆ (ಟ್ರಿಗರ್) ಒತ್ತಿದಾಗ ಚಿಮ್ಮಬೇಕು, ಬಿಟ್ಟಾಗ ನಿಧಾನಕ್ಕೆ ಆರಬೇಕು.

ಕೊನೆಯದಕ್ಕೆ ಒಂದು ಕೆಪಾಸಿಟರ್ ಸಾಕು. ಒತ್ತುವ ಸ್ವಿಚ್ಚಿನ ಆಚೆ, ರೆಸಿಸ್ಟರ್ ಮತ್ತು ಎಲ್‌ಇಡಿ ಜೋಡಿಗೆ ಸಮಾನಾಂತರವಾಗಿ 4700 ಮೈಕ್ರೋಫ್ಯಾರಡ್‌ನ ಕೆಪಾಸಿಟರ್ ಹಾಕಿ. ಒತ್ತಿದಾಗ ಅದು ತುಂಬಿಕೊಳ್ಳುತ್ತದೆ, ಬಿಟ್ಟಾಗ ತನ್ನಲ್ಲಿದ್ದದ್ದನ್ನು ಎಲ್‌ಇಡಿಗೆ ಸುರಿಯುತ್ತದೆ. 150 ಓಮ್ ರೆಸಿಸ್ಟರ್ ಜತೆ ಮೊದಲ 0.7 ಸೆಕೆಂಡಿನಲ್ಲಿ ಕರೆಂಟು ಮೂರನೇ ಒಂದರಷ್ಟಕ್ಕೆ ಇಳಿದು, ಬಳಿಕ ಬಾಲದ ಹಾಗೆ ಇನ್ನೂ ಸ್ವಲ್ಪ ಹೊತ್ತು ಉಳಿಯುತ್ತದೆ. ಕಾದ ಲೋಹ ತಣ್ಣಗಾಗುವುದನ್ನು ನೋಡಿದ ಹಾಗಿರುತ್ತದೆ. ಕೆಪಾಸಿಟರ್‌ನ ವೋಲ್ಟೇಜು ಅಳತೆ ಬ್ಯಾಟರಿಗಿಂತ ಜಾಸ್ತಿ ಇರಲಿ. ಪ್ಲಸ್ ಮೈನಸ್ ಅದಲುಬದಲಾದರೆ ಅದು ಒಡೆಯಬಹುದು, ಗುರುತು ನೋಡಿಯೇ ಜೋಡಿಸಿ.

ಏರಿಳಿಯುವ ಬೆಳಕಿಗೆ, ಓಡುವ ಬೆಳಕಿಗೆ ಆರ್ಡುಯಿನೊ ನ್ಯಾನೊದಂಥ, ಪ್ರೋಗ್ರಾಂ ಬರೆದು ನಡೆಸುವ ಸಣ್ಣ ಸರ್ಕ್ಯೂಟ್ ಬೋರ್ಡು ಬೇಕು. ಅದು ಎಲ್‌ಇಡಿಯನ್ನು ನಿಜಕ್ಕೂ ಮಂಕು ಮಾಡುವುದಿಲ್ಲ. ಸೆಕೆಂಡಿಗೆ ನೂರಾರು ಸಲ ಹಚ್ಚಿ ಆರಿಸುತ್ತದೆ. ಹಚ್ಚಿಟ್ಟ ಹೊತ್ತು ಜಾಸ್ತಿಯಾದರೆ ಕಣ್ಣಿಗೆ ಬೆಳಕು ಜಾಸ್ತಿ. ಈ ಮಟ್ಟವನ್ನು 0ಯಿಂದ 255ರವರೆಗಿನ ಅಂಕಿಯಲ್ಲಿ ಹೇಳುತ್ತೇವೆ. ಮೊದಲ ಸಲ ಮಾಡುವವರು ಅಂಕಿಯನ್ನು ಒಂದೊಂದೇ ಏರಿಸುತ್ತಾರೆ. ಆಗ ಬೆಳಕು ಫಕ್ಕನೆ ಜೋರಾಗಿ, ಆಮೇಲೆ ಏನೂ ಬದಲಾಗದ ಹಾಗೆ ಕಾಣುತ್ತದೆ. ತಪ್ಪು ಬೋರ್ಡಿನದಲ್ಲ. ನಮ್ಮ ಕಣ್ಣು ಮಂದ ಬೆಳಕಿನ ಸಣ್ಣ ವ್ಯತ್ಯಾಸವನ್ನು ಚೆನ್ನಾಗಿ ಗುರುತಿಸುತ್ತದೆ, ಜೋರು ಬೆಳಕಿನದ್ದನ್ನು ಅಷ್ಟಾಗಿ ಗುರುತಿಸುವುದಿಲ್ಲ. ಕಣ್ಣಿಗೆ ಅರ್ಧ ಅನ್ನಿಸಲು 128 ಬೇಡ, 55ರ ಸುತ್ತಮುತ್ತ ಸಾಕು. ಕೆಳಗಿನ ಅಂಕಿಗಳಲ್ಲಿ ನಿಧಾನಕ್ಕೆ, ಮೇಲಿನವುಗಳಲ್ಲಿ ಬೇಗ ಬೇಗ ಏರಿಸಿದರೆ ಬೆಳಕು ಉಸಿರಾಡುವ ಹಾಗೆ ಕಾಣುತ್ತದೆ.

ಡಬ್ಲ್ಯೂಎಸ್2812ಬಿ ಎಂಬ ಪಟ್ಟಿಯ ಎಲ್‌ಇಡಿಗಳಲ್ಲಿ ಒಂದೊಂದಕ್ಕೂ ಬೇರೆ ಬೇರೆ ಬಣ್ಣ ಹೇಳಬಹುದು. ನಳಿಕೆಯುದ್ದಕ್ಕೂ ಬೆಳಕು ಹಿಂದಿನಿಂದ ಮುಂದಕ್ಕೆ ಓಡುವುದಕ್ಕೆ ಇದೇ ಸರಿ. ಆದರೆ ಪೂರ್ತಿ ಬಿಳಿಯಲ್ಲಿ ಒಂದೊಂದೂ 60 ಮಿಲಿಆಂಪ್‌ವರೆಗೆ ಎಳೆಯುತ್ತದೆ. ಮೂವತ್ತು ಇದ್ದರೆ 1.8 ಆಂಪ್. ಸಣ್ಣ ಸೆಲ್‌ಗಳು ಅಲ್ಲೇ ಕುಸಿಯುತ್ತವೆ. ಒಂದೊಂದರೊಳಗಿನ ಕೆಂಪು, ಹಸಿರು, ನೀಲಿ ಮೂರರಲ್ಲಿ ನೀಲಿ ಒಂದನ್ನೇ ಹಚ್ಚಿದರೆ ಅದರ ಮೂರನೇ ಒಂದು ಪಾಲು ಸಾಕು. ಪ್ರೋಗ್ರಾಂನಲ್ಲಿ ಮಟ್ಟವನ್ನೂ ಇಳಿಸಿಡಿ.

ಚಿಮ್ಮುವ ಬೆಳಕಿನ ಬಗ್ಗೆ ಒಂದು ಮಾತು ಮನಸ್ಸಿಟ್ಟು ಹೇಳುತ್ತೇನೆ. ಸೆಕೆಂಡಿಗೆ ಮೂರಕ್ಕಿಂತ ಜಾಸ್ತಿ ಸಲ ಜೋರಾಗಿ ಮಿನುಗಿಸಬೇಡಿ. ಕೆಲವರಿಗೆ ಅಂಥ ಮಿನುಗು ಅಪಸ್ಮಾರ ತರಿಸಬಹುದು, ಗುಂಪಿನಲ್ಲಿ ಯಾರಿದ್ದಾರೆ ಎಂದು ನಮಗೆ ತಿಳಿಯದು. ಲೇಸರ್ ಡಯೋಡ್ ಅಂತೂ ಬೇಡವೇ ಬೇಡ. ಬಂದೂಕನ್ನು ಜನ ಒಬ್ಬರ ಮುಖಕ್ಕೆ ಒಬ್ಬರು ಹಿಡಿಯುತ್ತಾರೆ, ಕಣ್ಣಿಗೆ ಆದ ಗಾಯ ಮಾಯುವುದಿಲ್ಲ. ಬಣ್ಣ, ಆಕಾರ ಎರಡರಲ್ಲೂ ಅದು ನಿಜವಾದ ಆಯುಧದಂತೆ ಕಾಣದಿರಲಿ. ರಸ್ತೆಯಲ್ಲಿ ಒಯ್ಯುವಾಗ ಚೀಲದೊಳಗೆ ಮುಚ್ಚಿರಲಿ.

ಮುಚ್ಚುವ ಮುನ್ನ

ನನ್ನ ಎರಡನೆಯ ಬಂದೂಕಿನಲ್ಲಿ ಎಲ್ಲ ಚೆನ್ನಾಗಿತ್ತು. ಎರಡು ಅರ್ಧಗಳನ್ನು ಅಂಟಿಸಿ, ಸಂದಿಗೆ ಪುಟ್ಟಿ ತುಂಬಿ, ಬಣ್ಣ ಹೊಡೆದ ಮೂರನೇ ದಿನ ಒಂದು ಬೆಸುಗೆ ಬಿಟ್ಟುಕೊಂಡಿತು. ಒಳಗೆ ಕೈ ಹಾಕಲು ದಾರಿಯೇ ಇಲ್ಲ. ಗರಗಸದಿಂದ ಸೀಳಬೇಕಾಯಿತು. ಅಂದಿನಿಂದ ಒಂದು ಮುಚ್ಚಳವನ್ನು ಸ್ಕ್ರೂ ಅಥವಾ ಸಣ್ಣ ಆಯಸ್ಕಾಂತದಲ್ಲಿ ನಿಲ್ಲಿಸುತ್ತೇನೆ. ಬ್ಯಾಟರಿ, ಸ್ವಿಚ್, ಬೋರ್ಡು ಮೂರೂ ಆ ಮುಚ್ಚಳದ ಹಿಂದೆಯೇ ಇರುತ್ತವೆ.

ಬೆಸುಗೆ ಮುರಿಯುವುದು ಸಾಮಾನ್ಯವಾಗಿ ವೈರು ಅದರ ಬುಡದಲ್ಲೇ ಬಾಗುವುದರಿಂದ. ಬೆಸುಗೆಯಿಂದ ಒಂದು ಬೆರಳಗಲ ಆಚೆ ವೈರಿಗೆ ಒಂದು ತೊಟ್ಟು ಬಿಸಿ ಅಂಟು ಹಾಕಿ ಹಿಡಿಸಿ, ಎಳೆತ ಅಲ್ಲಿಗೇ ನಿಲ್ಲುತ್ತದೆ. ಒಂಟಿ ತಂತಿಯ ವೈರಿಗಿಂತ ಸಣ್ಣ ಎಳೆಗಳ ವೈರು ಬಾಗುವುದಕ್ಕೆ ಒಳ್ಳೆಯದು. ಪ್ರತಿ ಜೋಡಣೆಗೂ ಹೀಟ್ ಶ್ರಿಂಕ್ ಕೊಳವೆ (ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಪ್ಲಾಸ್ಟಿಕ್ ಕೊಳವೆ) ಹಾಕಿ. ಅದನ್ನು ಬೆಸುಗೆಗೆ ಮೊದಲೇ ವೈರಿಗೆ ಪೋಣಿಸಿಟ್ಟುಕೊಳ್ಳಬೇಕು. ಬೆಸುಗೆ ಹಾಕುವಾಗ ಕಿಟಕಿ ತೆರೆದಿರಲಿ, ಸೀಸ ಇರುವ ತಂತಿ ಬಳಸಿದರೆ ಕೈ ತೊಳೆದೇ ಏಳಿ.

ಇನ್ನು ಸೋರಿಕೆ. ತೆಳು ಪ್ಲಾಸ್ಟಿಕ್, 3ಡಿ ಪ್ರಿಂಟ್ ಮಾಡಿದ ಗೋಡೆ, ಹೊಲಿಗೆಯಂಥ ಸಂದಿ, ಇವೆಲ್ಲ ಬೆಳಕನ್ನು ಬಿಟ್ಟುಕೊಡುತ್ತವೆ. ಹೊರಗಿನ ಬೂದು ಬಣ್ಣದ ಹಿಂದೆ ಇಡೀ ಮೈ ನೀಲಿಯಾಗಿ ಬೆಳಗಿದರೆ ಲೋಹ ಎನ್ನುವ ಭ್ರಮೆ ಆ ಕ್ಷಣವೇ ಕರಗುತ್ತದೆ. ಒಳಗೆ ಮೊದಲು ಕಪ್ಪು ಬಣ್ಣ, ಅದು ಒಣಗಿದ ಮೇಲೆ ಅದರ ಮೇಲೆ ಬಿಳಿ. ಕಪ್ಪು ಸೋರಿಕೆ ತಡೆಯುತ್ತದೆ, ಬಿಳಿ ಬೆಳಕು ಹರಡುತ್ತದೆ. ಬಣ್ಣ ಬಳಿದ ಮೇಲೆ ಕೋಣೆಯ ದೀಪ ಆರಿಸಿ ಹತ್ತು ನಿಮಿಷ ಕಾಯಿರಿ. ಕಣ್ಣು ಕತ್ತಲಿಗೆ ಹೊಂದಿಕೊಂಡ ಮೇಲೆ ಬಂದೂಕು ಹಚ್ಚಿ ತಿರುಗಿಸಿ ತಿರುಗಿಸಿ ನೋಡಿ. ಸೋರುವ ಕಡೆಯೆಲ್ಲ ಪೆನ್ಸಿಲ್‌ನಿಂದ ಗುರುತು ಹಾಕಿ. ಅವನ್ನೆಲ್ಲ ಮುಚ್ಚಿದ ಮೇಲೇ ಅಂಟು ಹಚ್ಚಿ.

ಕೊನೆಗೆ ಫೋಟೊ. ಕಣ್ಣಿಗೆ ನೀಲಿಯಾಗಿದ್ದದ್ದು ಮೊಬೈಲಿನಲ್ಲಿ ಬಿಳಿಯಾಗಿ ಬಂದರೆ ಗಾಬರಿ ಬೇಡ. ಕ್ಯಾಮೆರಾ ಸುತ್ತಲಿನ ಕತ್ತಲಿಗೆ ತಕ್ಕಂತೆ ಜಾಸ್ತಿ ಬೆಳಕು ತೆಗೆದುಕೊಂಡಿರುತ್ತದೆ, ದೀಪದ ಜಾಗ ತುಂಬಿ ಉಕ್ಕಿರುತ್ತದೆ. ಹೊಳೆಯುವ ಭಾಗದ ಮೇಲೆ ಬೆರಳಿಟ್ಟು ಬೆಳಕಿನ ಮಟ್ಟ ಕೆಳಗೆ ಎಳೆಯಿರಿ, ಕೋಣೆಯಲ್ಲಿ ಒಂದು ಮಂದ ದೀಪ ಹಚ್ಚಿಡಿ. ವಿಡಿಯೊದಲ್ಲಿ ಕಪ್ಪು ಪಟ್ಟಿಗಳು ಓಡಿದರೆ ಅದು ಬೋರ್ಡು ಎಲ್‌ಇಡಿಯನ್ನು ಹಚ್ಚಿ ಆರಿಸುವ ವೇಗಕ್ಕೂ ಕ್ಯಾಮೆರಾ ಸಾಲು ಸಾಲಾಗಿ ಚಿತ್ರ ಓದುವ ವೇಗಕ್ಕೂ ಆದ ಘರ್ಷಣೆ. ವಿಡಿಯೊ ತೆಗೆಯುವಾಗ ಅಂಕಿಯನ್ನು 255ಕ್ಕೇ ಇಟ್ಟು, ಬೆಳಕು ಕಡಿಮೆ ಮಾಡಲು ದೊಡ್ಡ ರೆಸಿಸ್ಟರ್ ಹಾಕಿದರೆ ಮಾಮೂಲಿ ಎಲ್‌ಇಡಿಗಳಲ್ಲಿ ಪಟ್ಟಿಗಳು ಹೋಗುತ್ತವೆ.